ಆಟಿ ತಿಂಗಳ ನೀರಿನಲ್ಲಿ ಉಪ್ಪು

ಇಂದುಮತಿ ನೀರಿಗೆ ಹಾರಿದಳು. ಮೇಲೆ ಬಂದಳು. ಕಿರುಚಿದಳು.

ಆಟದ ಕಿರುಚಾಟವೆಂದು ದಂಡೆಯಲ್ಲಿದ್ದವರು ನಕ್ಕರು. ಜೋರು ಮಳೆಯೆಂದು ಅಂದು ಬೆಳಿಗ್ಗೆ ಕಲೆಕ್ಟರು ಶಾಲೆಗಳಿಗೆ ರಜೆ ಕೊಟ್ಟಿದ್ದರು. ಸಂಜೆ ಬರಬೇಕಾದ ಮಕ್ಕಳೆಲ್ಲ ಬೆಳಿಗ್ಗೆಯೇ ಕ್ಲಬ್ಬಿನ ಈಜುಕೊಳಕ್ಕೆ ಓಡಿ ಬಂದಿದ್ದರು. ಮೊದಲು ಹಾರಿದವಳು ಇಂದುಮತಿ.

ಎರಡನೆಯ ಕಿರುಚಾಟಕ್ಕೆ ಯಾರೂ ನಗಲಿಲ್ಲ.

ಕೊಳ ನೋಡಿಕೊಳ್ಳುವ ಕಮಲಾಕ್ಷ ಬಟ್ಟೆ ಸಮೇತ ಹಾರಿ ಅವಳನ್ನು ಎತ್ತಿ ತಂದ. ಎರಡೂ ಕಣ್ಣು ಮುಚ್ಚಿಹೋಗಿದ್ದವು. ರೆಪ್ಪೆ ಊದಿ ಕೆಂಪಾಗಿತ್ತು. ಅವಳ ಜಡೆಯ ನೀಲಿ ರಿಬ್ಬನ್ನು, ಬ್ಯಾಂಕಿಗೆ ಹೊರಟು ಕೂಗು ಕೇಳಿ ಓಡಿ ಬಂದಿದ್ದ ಮೋಹನನ ಕಣ್ಣೆದುರೇ ಬಣ್ಣ ಕಳೆದುಕೊಳ್ಳುತ್ತಿತ್ತು.

"ಕ್ಲೋರಿನ್!" ಯಾರೋ ಕೂಗಿದರು. "ನೀರಿಗೆ ಯಾರೋ ಕ್ಲೋರಿನ್ ಸುರಿದಿದ್ದಾರೆ!"

ಸುರಿದವರು ಯಾರು?

ಎರ್ನಾಕುಳದ ಆ ಕ್ಲಬ್ಬು ಕಾಯಲಿನ, ಅಂದರೆ ಹಿನ್ನೀರಿನ, ದಂಡೆಯಲ್ಲಿತ್ತು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಅದರ ಹೆಮ್ಮೆಯೆಂದರೆ ಒಂದೇ — ಉಪ್ಪಿನ ಪೆಟ್ಟಿಗೆ. ಬೇರೆ ಕೊಳಗಳ ಹಾಗೆ ಇಲ್ಲಿ ಬ್ಲೀಚಿಂಗ್ ಪುಡಿ ಹಾಕುವುದಿಲ್ಲ. ನೀರಿಗೆ ಸ್ವಲ್ಪ ಉಪ್ಪು ಬೆರೆಸಿ, ಕರೆಂಟು ಹರಿಯುವ ತಗಡುಗಳ ನಡುವೆ ಹಾಯಿಸಿದರೆ ಸಾಕು, ಆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟುತ್ತದೆ. ಪೆಟ್ಟಿಗೆಯ ಮುಖದ ಮೇಲೆ ಒಂದು ಮುಳ್ಳು. ಒಂದರಿಂದ ಹತ್ತರವರೆಗೆ ತಿರುಗಿಸಬಹುದು. ಬೇಸಿಗೆಯಲ್ಲಿ ಬಿಸಿಲು ಕ್ಲೋರಿನ್ನನ್ನು ತಿಂದುಹಾಕುತ್ತದೆ, ಈಜುವವರೂ ಹೆಚ್ಚು. ಆಗ ಮುಳ್ಳು ಎಂಟಕ್ಕೆ. ಮಳೆಗಾಲದಲ್ಲಿ ಮೋಡ, ತಂಪು, ನಾಲ್ಕೇ ಜನ. ಆಗ ಎರಡಕ್ಕೆ.

ಅದನ್ನು ಕಟ್ಟಿದವರು ಪರಮೇಶ್ವರಯ್ಯ. ಮೈಸೂರಿನವರು, ನಿವೃತ್ತ ಇಂಜಿನಿಯರು, ಕ್ಲಬ್ಬಿನ ಉಪಾಧ್ಯಕ್ಷರು. ಇಂದುಮತಿ ಅವರ ಮೊಮ್ಮಗಳು.

ಮಧ್ಯಾಹ್ನದೊಳಗೆ ಆರೋಪಿ ಸಿಕ್ಕಿಬಿಟ್ಟ. ಪಂಪಿನ ಕೋಣೆಯ ಹಿಂದೆ ಬ್ಲೀಚಿಂಗ್ ಪುಡಿಯ ಚೀಲವೊಂದು ಬಿದ್ದಿತ್ತು.

"ನಿನ್ನೆ ಸಂಜೆ ಎಲ್ಲಿದ್ದೆ ನೀನು?" ಕಾರ್ಯದರ್ಶಿ ದಾಮೋದರ ಕಮಲಾಕ್ಷನನ್ನು ಕೇಳಿದರು. ಅವರು ಬ್ಯಾಂಕಿನ ದೊಡ್ಡ ಅಧಿಕಾರಿ. ಬ್ಯಾಂಕಿನಲ್ಲಿ ಮಾತಾಡುವ ಹಾಗೆಯೇ ಕ್ಲಬ್ಬಿನಲ್ಲೂ ಮಾತಾಡುತ್ತಿದ್ದರು.

"ಇಲ್ಲೇ ಸಾರ್."

"ಸೋಮವಾರ ಕೊಳಕ್ಕೆ ರಜೆ. ಇಲ್ಲೇನು ಕೆಲಸ?"

ಕಮಲಾಕ್ಷ ಅಂಗಿಯ ತುದಿ ಹಿಂಡಿದ.

"ಯಾರಿದ್ದರು ಜೊತೆಗೆ?"

ಮತ್ತೆ ಅದನ್ನೇ ಹಿಂಡಿದ.

"ಸರಿ. ಶನಿವಾರ ಕಮಿಟಿ ಮೀಟಿಂಗು. ಅಷ್ಟರೊಳಗೆ ಬಾಯಿ ಬಿಟ್ಟರೆ ಕೆಲಸ ಮಾತ್ರ ಹೋಗುತ್ತದೆ. ಬಿಡದಿದ್ದರೆ ಪೊಲೀಸರಿಗೆ ಕೊಡುತ್ತೇನೆ."

ಕಮಲಾಕ್ಷ ನೆಲ ನೋಡುತ್ತ ನಿಂತ. ಅವನ ಹೆಂಡತಿ ತುಂಬು ಬಸುರಿ, ಇರುವುದು ಕ್ಲಬ್ಬಿನದೇ ಕೋಣೆಯಲ್ಲಿ. ಕಮಿಟಿಯವರಿಗೆಲ್ಲ ಇದು ಗೊತ್ತಿತ್ತು. ಮೋಹನನಿಗೂ ಗೊತ್ತಿತ್ತು. ದಾಮೋದರರ ಬ್ಯಾಂಕಿನಲ್ಲೇ ಗುಮಾಸ್ತನಾಗಿದ್ದ ಮೋಹನ ಏನೋ ಹೇಳಲು ಬಾಯಿ ತೆರೆದ. ಮತ್ತೆ ಮುಚ್ಚಿದ.

ಸಂಜೆ ಅಂಚೆ ಕಚೇರಿಗೆ ಹೋಗಿ ತಿರುವನಂತಪುರಕ್ಕೆ ಟ್ರಂಕ್ ಕಾಲ್ ಹಾಕಿದ. ಅವನ ಅಕ್ಕ ಸರೋಜಿನಿ ಅಲ್ಲಿ ಪಟ್ಟಂನ ಸರಕಾರಿ ಪ್ರಯೋಗಾಲಯದಲ್ಲಿ ಕೆಮಿಸ್ಟು. ವಿಷ ಹಾಕಿದ ಹಾಲು, ಕಲಬೆರಕೆ ಎಣ್ಣೆ, ಬೆಂಕಿ ಹತ್ತಿದ ಸೀರೆ — ಪೊಲೀಸರು ಬಾಟ್ಲಿಯಲ್ಲಿ ತುಂಬಿ ತಂದದ್ದೆಲ್ಲ ಅವಳ ಮೇಜಿಗೆ ಬರುತ್ತಿತ್ತು.

"ಅಕ್ಕಾ, ಒಮ್ಮೆ ಬಾ. ನಮ್ಮ ಊರಿನವನೇ, ಕುಂಬಳೆಯ ಹತ್ತಿರದವ. ಅವ ಮಾಡಿದ್ದಲ್ಲ."

"ಅವ ಮಾಡಿದ್ದಲ್ಲ ಅಂತ ನಿನಗೆ ಹೇಗೆ ಗೊತ್ತು?"

ತಂತಿಯಲ್ಲಿ ಬರೀ ಗರಗರ ಸದ್ದು.

"ಮೋಹನಾ? ಉಂಟಾ ನೀನು?"

"ಅವ ಅಂಥವನಲ್ಲ, ಅಷ್ಟೇ," ಎಂದ ಮೋಹನ.

ಬುಧವಾರ ಸರೋಜಿನಿ ಬಂದಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಾಟ್ಲಿಗಳ ಚೀಲ. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೊಳದ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಳು. ಮಳೆ ಹನಿಯುತ್ತಿತ್ತು. ನೀರು ತುಂಬಿ ಅಂಚಿನ ಕಂಡಿಗಳಿಂದ ಹೊರಗೆ ಹರಿದು ಕಾಯಲಿಗೆ ಸೇರುತ್ತಿತ್ತು.

"ತಳ ಕಾಣ್ತದಾ ನಿನಗೆ?" ಪಕ್ಕದಲ್ಲಿ ನಿಂತಿದ್ದ ಮೋಹನನನ್ನು ಕೇಳಿದಳು.

"ಕಾಣ್ತದೆ. ತಳದ ಕೆಂಪು ಗೆರೆ ಸಹ ಕಾಣ್ತದೆ."

"ಹ್ಞೂಂ."

ಒಂದು ಗಾಜಿನ ಕೊಳವೆಯಲ್ಲಿ ನೀರು ತೆಗೆದು ಔಷಧದ ಹನಿ ಬಿಟ್ಟಳು. ಸರಿಯಾದ ನೀರಾದರೆ ತೆಳು ಹಳದಿಯಾಗಬೇಕು. ಇದು ಕಿತ್ತಳೆಯ ಬಣ್ಣಕ್ಕೆ ತಿರುಗಿತು.

"ಅಬ್ಬಾ! ಮರುದಿನಕ್ಕೂ ಇಷ್ಟುಂಟಾ?"

ಆಮೇಲೆ ಮೋಹನ ಎಣಿಸದ ಒಂದು ಕೆಲಸ ಮಾಡಿದಳು. ಬೆರಳನ್ನು ನೀರಿಗೆ ಅದ್ದಿ ನಾಲಿಗೆಗೆ ಮುಟ್ಟಿಸಿದಳು.

"ಅಕ್ಕಾ! ಎಂತ ಮಾಡ್ತೀ?"

"ಸಾಯುವುದಿಲ್ಲ ಮಾರಾಯ," ಎಂದು ಉಗುಳಿದಳು. ಹುಬ್ಬು ಗಂಟಿಕ್ಕಿತು. "ಕಮಲಾಕ್ಷ, ಇಲ್ಲಿ ಬಾ. ನೀರಿಗೆ ಉಪ್ಪು ಹಾಕಿದ್ದು ಯಾವಾಗ?"

"ಮಳೆ ಹಿಡಿದ ಮೇಲೆ ಹಾಕಲೇ ಇಲ್ಲ ಅಕ್ಕ. ಹಾಕಿ ಎಂತ ಪ್ರಯೋಜನ? ತುಂಬಿ ಹರಿದು ಹೋಗ್ತದಲ್ಲ. ಆಟಿ ಕಳೆದು ಬಿಸಿಲು ಬಂದ ಮೇಲೆಯೇ ಹಾಕುವುದು."

ಇಲ್ಲಿಯವರ ಕರ್ಕಿಡಕಂ, ಅವರ ಊರಿನ ಆಟಿ. ಮಳೆ ಬಿಡದೆ ಹೊಯ್ಯುವ ತಿಂಗಳು.

"ಮುಳ್ಳು ಎಷ್ಟರಲ್ಲಿ ಇತ್ತು?"

"ಎರಡರಲ್ಲಿ. ಸೋಮವಾರ ಹೋಗುವಾಗಲೂ ಎರಡು, ಮಂಗಳವಾರ ಬಂದಾಗಲೂ ಎರಡು. ದೇವರಾಣೆ. ಹನಿ ಬಿಟ್ಟು ನೋಡುವಷ್ಟರೊಳಗೆ ಆ ಮಗು ಹಾರಿ ಆಯ್ತು. ನೆಗಡಿ ಅಕ್ಕ ನನಗೆ, ವಾಸನೆಯೂ ಗೊತ್ತಾಗಲಿಲ್ಲ." ಮೂಗು ಒರೆಸಿಕೊಂಡ. "ಹನಿ ಬಿಡದೆ ಮಕ್ಕಳನ್ನು ಒಳಗೆ ಬಿಟ್ಟದ್ದು ನನ್ನ ತಪ್ಪೇ."

"ಪಂಪಿನ ಕೋಣೆಗೆ ಬೀಗ?"

"ಉಪ್ಪುಗಾಳಿಗೆ ತುಕ್ಕು ಹಿಡಿದು ಬಿದ್ದುಹೋಗಿದೆ. ಬರೀ ಚಿಲಕ. ಯಾರು ಬೇಕಾದರೂ ಹೋಗಬಹುದು."

"ಸೋಮವಾರ ಸಂಜೆ ಇಲ್ಲಿ ನೀನೊಬ್ಬನೇ ಇದ್ದದ್ದಾ?"

ಕಮಲಾಕ್ಷ ಮುಖ ತಿರುಗಿಸಿದ. "ಅದೊಂದು ಕೇಳಬೇಡಿ ಅಕ್ಕ."

ಅವಳು ಒತ್ತಾಯಿಸಲಿಲ್ಲ. ಕಸ ತೆಗೆಯುವ ಬಲೆ ಗೋಡೆಗೆ ಒರಗಿತ್ತು. ಮಾವಿನೆಲೆಗಳ ನಡುವೆ ಚಿಕ್ಕ ಚಿಕ್ಕ ಎಲೆಗಳಿದ್ದ ಒಂದು ಕುಡಿ. ಕಾಗದದಷ್ಟು ಬಿಳಿ. ಮೂಸಿ ನೋಡಿದಳು. ವಾಸನೆಯೇ ಇಲ್ಲ. ಕರವಸ್ತ್ರದಲ್ಲಿ ಸುತ್ತಿಟ್ಟುಕೊಂಡಳು.

"ಅದೆಂತ ಕಳೆ?" ಮೋಹನ ಕೇಳಿದ.

"ಕಳೆಯಾ? ನೋಡುವ."

ವರಾಂಡದಲ್ಲಿ ಚೆಲ್ಲಮ್ಮ ಗುಡಿಸುತ್ತಿದ್ದಳು. ಕ್ಲಬ್ಬಿನ ಕಕ್ಕಸುಗಳನ್ನು ತೊಳೆಯುವವಳು ಅವಳೇ. ಸರೋಜಿನಿ ಮಲಯಾಳದಲ್ಲಿ ಕೇಳಿದಳು. "ಚೆಲ್ಲಮ್ಮಾ, ಸೋಮವಾರ ಸಂಜೆ ಇಲ್ಲಿಗೆ ಯಾರಾದರೂ ಬಂದಿದ್ದರಾ?"

ಪೊರಕೆ ನಿಂತಿತು. "ನನ್ನ ಮಗಳನ್ನು ನಾನು ಇಲ್ಲಿಗೆ ಕರೆದುಕೊಂಡು ಬರುವುದೇ ಇಲ್ಲ, ಅಮ್ಮಾ."

"ನಿನ್ನ ಮಗಳ ವಿಷಯ ನಾನು ಕೇಳಲಿಲ್ಲವಲ್ಲ."

ಚೆಲ್ಲಮ್ಮನ ಮುಖ ಬೂದಿಯಾಯಿತು. ಪೊರಕೆ ಎತ್ತಿಕೊಂಡು ಹಿತ್ತಲಿಗೆ ನಡೆದಳು. ಮೋಹನ ಕಾಯಲಿನ ಕಡೆಗೆ ನೋಡುತ್ತ ನಿಂತಿದ್ದ.

ಅಕ್ಕ ತಮ್ಮ ಇಬ್ಬರೂ ಕಾಯಲಿನ ಆಚೆ ದಡದ ಮಟ್ಟಾಂಚೇರಿಗೆ ದೋಣಿಯಲ್ಲಿ ಹೋದರು. ಬ್ಲೀಚಿಂಗ್ ಪುಡಿಯ ವ್ಯಾಪಾರಿ ವೆಂಕಟೇಶ ಪ್ರಭು ತನ್ನ ಗೋದಾಮಿನ ಬಾಗಿಲಲ್ಲಿ ಕುಳಿತಿದ್ದರು. ಒಳಗಿನಿಂದ ಒಣಶುಂಠಿಯ ಘಾಟು ಬರುತ್ತಿತ್ತು. ಉಪ್ಪಿನ ಪೆಟ್ಟಿಗೆ ಬಂದ ಮೇಲೆ ಕ್ಲಬ್ಬಿನವರು ಅವರಿಂದ ಪುಡಿ ಕೊಳ್ಳುವುದನ್ನು ಬಿಟ್ಟಿದ್ದರು.

"ಆ ಪೆಟ್ಟಿಗೆ ಒಂದು ದಿನ ನಿಮ್ಮ ಕಣ್ಣು ಕಳೀತದೆ ಅಂತ ಹೇಳಿದ್ದು ನೀವೇ ಅಲ್ವಾ ಪ್ರಭುಗಳೇ?" ಸರೋಜಿನಿ ಕೇಳಿದಳು.

"ಹೇಳಿದ್ದೆ! ಸುಳ್ಳು ಯಾಕೆ ಹೇಳಲಿ? ಹೊಟ್ಟೆ ಉರಿದು ಹೇಳಿದ್ದು. ಆ ಮಗುವಿನ ಸುದ್ದಿ ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ, ಗೊತ್ತುಂಟಾ? ನನ್ನ ನಾಲಿಗೆ ಕಡೀಬೇಕು."

"ಚೀಲ ನಿಮ್ಮದೇ."

"ನನ್ನದೇ. ಎಷ್ಟು ಹಳೆಯದು? ಅದರಲ್ಲಿ ಪುಡಿ ಉಂಟಾ, ಗಟ್ಟಿ ಉಂಟಾ?"

"ಸುಣ್ಣದ ಕಲ್ಲಿನ ಹಾಗೆ ಗಟ್ಟಿಯಾಗಿದೆ."

"ಹಾಗಾದರೆ ಸತ್ತ ಪುಡಿ ಅದು. ಅದರಲ್ಲಿ ಒಂದು ಇಲಿಯ ಕಣ್ಣೂ ಉರಿಯುವುದಿಲ್ಲ. ನನ್ನ ಪುಡಿ ಸರಿ ಇದ್ದರೂ ನೀರು ಎರಡು ದಿನ ಗಂಜಿತಿಳಿಯ ಹಾಗೆ ಇರ್ತದಮ್ಮ, ತಳದಲ್ಲಿ ಸುಣ್ಣ ಕೂರ್ತದೆ. ಅದಕ್ಕೇ ಅಲ್ವಾ ನಿಮ್ಮವರು ನನ್ನನ್ನು ಬಿಟ್ಟದ್ದು?"

ಸರೋಜಿನಿ ನಕ್ಕಳು. ಮರಳುವ ದೋಣಿಯಲ್ಲಿ ನಗಲಿಲ್ಲ.

"ನೀರು ಕನ್ನಡಿಯ ಹಾಗುಂಟು ಮೋಹನ. ಪುಡಿ ಅಲ್ಲ. ಕ್ಲೋರಿನ್ ಬಂದದ್ದು ಪೆಟ್ಟಿಗೆಯಿಂದಲೇ."

"ಮುಳ್ಳು ಎರಡರಲ್ಲಿತ್ತಲ್ಲ?"

"ಏರಿಸಿದ ಕೈಗೆ ಇಳಿಸಲಿಕ್ಕೂ ಬರ್ತದೆ."

ಪರಮೇಶ್ವರಯ್ಯನವರ ಮನೆ ಕ್ಲಬ್ಬಿನ ಹಿಂದಿನ ಓಣಿಯಲ್ಲೇ. ಬಾಗಿಲಲ್ಲೇ ತೈಲದ ವಾಸನೆ. "ಬಾಮ್ಮ ಬಾ," ಎಂದು ಬಲಭುಜ ಹಿಡಿದುಕೊಂಡು ಅವರೇ ಎದ್ದು ಬಂದರು. ತಿರುವನಂತಪುರದಲ್ಲಿ ಅವರು ಈ ಯಂತ್ರದ ಬಗ್ಗೆ ಭಾಷಣ ಮಾಡಿದಾಗ ಸರೋಜಿನಿ ಮುಂದಿನ ಸಾಲಿನಲ್ಲಿ ಕುಳಿತು ಕೇಳಿದ್ದಳು. "ನೀರಿಗೆ ಜಾತಕ ಇಲ್ಲ, ಲೆಕ್ಕ ಇದೆ" ಎಂದು ಅವರು ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದವಳೂ ಅವಳೇ.

"ಭುಜಕ್ಕೆ ಎಂತಾಯ್ತು ಸಾರ್?"

"ಮಳೆಗಾಲದ ವಾತ ಕಣಮ್ಮ. ವಯಸ್ಸಾಯ್ತಲ್ಲ." ಎಡಗೈಯಲ್ಲಿ ಕುರ್ಚಿ ಎಳೆದು ಹಾಕಿದರು.

ಇಂದುಮತಿ ಮಂಚದ ಮೇಲಿದ್ದಳು. ಕಣ್ಣಿನ ಮೇಲೆ ಹಸಿರು ಬಟ್ಟೆ. ವಾಸಿಯಾಗುತ್ತದೆ, ಬೆಳಕು ಮಾತ್ರ ಕೆಲವು ದಿನ ಆಗದು ಎಂದು ಡಾಕ್ಟರು ಹೇಳಿದ್ದರಂತೆ. ಅವಳ ತಾಯಿ ವಿಜಯಾ ಕಾಫಿ ತಂದಳು.

"ಮೋಹನ ಅವರಿಗೆ ಸಕ್ಕರೆ ಕಮ್ಮಿ ಹಾಕಿದ್ದೀನಿ. ಸೋಮವಾರ ಬಂದಾಗ ಜಾಸ್ತಿ ಆಯ್ತು ಅಂದ್ರಲ್ಲ."

ಮೋಹನ ಲೋಟದೊಳಗೆ ನೋಡಿದ.

"ಇಂದೂ, ಈಗ ಹೇಗುಂಟು?" ಸರೋಜಿನಿ ಮಂಚದ ಅಂಚಿನಲ್ಲಿ ಕುಳಿತಳು.

"ಕೊಳಪ್ಪಮಿಲ್ಲ," ಎಂದಳು ಹುಡುಗಿ. ಪರವಾಗಿಲ್ಲವೆಂದು. ಮನೆಯವರು ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಡುವುದು ಅವಳ ಅಭ್ಯಾಸ.

"ಇವಳದೊಂದು ಕರ್ಮ," ವಿಜಯಾ ಅಂದಳು. "ಸೋಮವಾರ ಸಂಗೀತದ ಕ್ಲಾಸಿಗೆ ಕೊಡೆ ಇಟ್ಕೊಂಡೇ ಹೋಗಿ ತಲೆಯೆಲ್ಲ ನೆನೆಸ್ಕೊಂಡು ಬಂದ್ಳು. ಮಾರನೇ ದಿನ ಹೀಗೆ."

"ಆಂಟೀ," ಹುಡುಗಿ ತಟ್ಟನೆ ಎದ್ದು ಕುಳಿತು ಮಲಯಾಳದಲ್ಲೇ ಕೇಳಿದಳು. "ಕಮಲಾಕ್ಷಣ್ಣನನ್ನು ಪೊಲೀಸು ಹಿಡೀತಾರಾ?"

"ಅದೆಲ್ಲ ದೊಡ್ಡವರ ವಿಷಯ. ಮಲ್ಕೊ," ಎಂದರು ಪರಮೇಶ್ವರಯ್ಯ. ಸ್ವರ ಒರಟಾಗಿತ್ತು. ಅವರಿಗೇ ಅದು ಕೇಳಿಸಿತೇನೋ, ಮೊಮ್ಮಗಳ ತಲೆ ಸವರಿದರು.

ಹೊರಗೆ ಬರುವಾಗ ಜಗಲಿಯಲ್ಲಿ ತುಳಸಿಯ ಕುಂಡ. ಒಂದು ಬದಿಯ ಕುಡಿಗಳನ್ನು ಯಾರೋ ಅವಸರದಲ್ಲಿ ಚಿವುಟಿದ್ದರು. ಸರೋಜಿನಿ ಅದನ್ನು ನೋಡುತ್ತ ಬಹಳ ಹೊತ್ತು ನಿಂತಳು. ಆಮೇಲೆ ಕೊಡೆ ಬಿಡಿಸಿದಳು.

"ಇವತ್ತೇ ಪಟ್ಟಂಗೆ ಹೋಗ್ತೇನೆ. ನೀರನ್ನು ಅಲ್ಲಿಯೇ ನೋಡಬೇಕು."

"ಯಾರೆಂದು ಗೊತ್ತಾಯ್ತಾ ಅಕ್ಕ?"

"ಗೊತ್ತಾಗದೆ ಇದ್ದಿದ್ದರೆ ಒಳ್ಳೆದಿತ್ತು." ಅವನ ಮುಖವನ್ನೇ ನೋಡಿದಳು. "ನಿನಗೆ ಹೇಳಲಿಕ್ಕೆ ಎಂತಾದರೂ ಉಂಟಾ ಮೋಹನ?"

"ಇಲ್ಲ," ಎಂದ ಮೋಹನ. ತೀರ ಬೇಗ ಎಂದ.

ಶನಿವಾರ ಸಂಜೆ. ಕಮಿಟಿಯ ಉದ್ದನೆಯ ಮೇಜು. ದಾಮೋದರ, ಪರಮೇಶ್ವರಯ್ಯ, ಇನ್ನು ನಾಲ್ಕೈದು ಸದಸ್ಯರು. ಗೋಡೆಯ ಬದಿಗೆ ಕಮಲಾಕ್ಷ. ಮೂಲೆಯಲ್ಲಿ ಮೋಹನ. ಬಾಗಿಲಾಚೆ ವರಾಂಡದಲ್ಲಿ ವಿಜಯಾ, ಅವಳ ಕೈ ಹಿಡಿದು ಕಪ್ಪು ಕನ್ನಡಕದ ಇಂದುಮತಿ. ಮನೆಯಲ್ಲಿ ಬಿಟ್ಟು ಬರಲು ಹುಡುಗಿ ಬಿಡಲಿಲ್ಲವಂತೆ.

ಸರೋಜಿನಿ ಮೇಜಿನ ಮೇಲೆ ಒಂದು ಬಾಟ್ಲಿ ಇಟ್ಟಳು.

"ಈ ನೀರಿನಲ್ಲಿ ಸುಣ್ಣದ ಅಂಶ ಏರಲೇ ಇಲ್ಲ. ಹಾಗಾಗಿ ಬ್ಲೀಚಿಂಗ್ ಪುಡಿ ಅಲ್ಲ. ಪ್ರಭುಗಳನ್ನು ಬಿಡಿ, ಚೀಲವನ್ನೂ ಬಿಡಿ. ಕ್ಲೋರಿನ್ ಹುಟ್ಟಿದ್ದು ಉಪ್ಪಿನ ಪೆಟ್ಟಿಗೆಯಲ್ಲಿ. ಸೋಮವಾರ ಕತ್ತಲಾದ ಮೇಲೆ ಯಾರೋ ಮುಳ್ಳನ್ನು ಹತ್ತಕ್ಕೆ ಏರಿಸಿದ್ದಾರೆ. ಬೆಳಕು ಹರಿಯುವಾಗ ಬಂದು ಎರಡಕ್ಕೆ ಇಳಿಸಿದ್ದಾರೆ."

"ಅದನ್ನೇ ನಾವೂ ಹೇಳುವುದು," ಎಂದರು ದಾಮೋದರ. "ಮುಳ್ಳು ತಿರುಗಿಸುವವನು ಇವನೇ."

"ಮುಳ್ಳು ತಿರುಗಿಸಿದರೆ ಸಾಕಾ ದಾಮೋದರ ಸಾರ್? ಇದು ಆಟಿ ತಿಂಗಳು. ಮಳೆನೀರು ತುಂಬಿ ತುಂಬಿ ಕೊಳದ ಉಪ್ಪೆಲ್ಲ ಹರಿದು ಹೋಗಿದೆ. ಉಪ್ಪಿಲ್ಲದ ನೀರಿನಲ್ಲಿ ಮುಳ್ಳು ಹತ್ತರಲ್ಲಿಟ್ಟರೂ ಪೆಟ್ಟಿಗೆಗೆ ಎಂತ ಸಿಗ್ತದೆ ತಿನ್ನಲಿಕ್ಕೆ? ನೀವೆಲ್ಲ ಮುಳ್ಳು ನೋಡಿದಿರಿ, ಚೀಲ ನೋಡಿದಿರಿ. ನೀರಿನ ರುಚಿ ಯಾರೂ ನೋಡಲಿಲ್ಲ. ಈ ನೀರು ಬೇಸಿಗೆಗಿಂತಲೂ ಉಪ್ಪು."

ಮೇಜಿನ ಸುತ್ತ ಗುಸುಗುಸು.

"ಹಾಗಾದರೆ ಆ ರಾತ್ರಿ ಯಾರೋ ಉಪ್ಪಿನ ಚೀಲ ಹೊತ್ತು ತಂದು ಕೊಳಕ್ಕೆ ಸುರಿದಿದ್ದಾರೆ. ಮಳೆಗಾಲದಲ್ಲಿ ಮೊದಲು ಉಪ್ಪು, ಆಮೇಲೆ ಮುಳ್ಳು — ಇದು ಗೊತ್ತಿದ್ದವರು ಈ ಕ್ಲಬ್ಬಿನಲ್ಲಿ ಇಬ್ಬರೇ. ಒಬ್ಬ ಕಮಲಾಕ್ಷ."

"ಇನ್ನೊಬ್ಬ ನಾನು," ಎಂದರು ಪರಮೇಶ್ವರಯ್ಯ. ನಗಲು ನೋಡಿದರು. "ನನ್ನ ಮೊಮ್ಮಗಳ ಕಣ್ಣನ್ನ ನಾನೇ ಸುಡ್ತೀನೇನಮ್ಮಾ?"

"ಸುಡಬೇಕು ಅಂತ ಯಾರೂ ಮಾಡಲಿಲ್ಲ ಸಾರ್. ತೊಳೀಬೇಕು ಅಂತ ಮಾಡಿದ್ದು."

ಅವಳು ಕರವಸ್ತ್ರ ಬಿಡಿಸಿದಳು. ಬಿಳಿಚಿದ ಕುಡಿ ಮೇಜಿನ ಮೇಲೆ ಬಿತ್ತು.

"ತುಳಸಿ. ಕ್ಲೋರಿನ್ನಿನಲ್ಲಿ ರಾತ್ರಿಯೆಲ್ಲ ನೆನೆದು ಬಣ್ಣ ಹೋಗಿದೆ. ಕ್ಲಬ್ಬಿನ ಹಿತ್ತಲಿನಲ್ಲಿ ತುಳಸಿ ಇಲ್ಲ. ಮೈಲಿಗೆಯಾದ ಬಾವಿಗೆ ತುಳಸಿ ಹಾಕಿದ ತೀರ್ಥ ಬಿಟ್ಟು ಶುದ್ಧ ಮಾಡುವುದನ್ನು ನಾನು ಸಣ್ಣದರಲ್ಲಿ ನೋಡಿದ್ದೇನೆ. ಇಲ್ಲಿ ಯಾರೋ ಮೊದಲು ತೀರ್ಥ ಬಿಟ್ಟಿದ್ದಾರೆ. ಅದು ಸಾಲದು ಅಂತ ಕಂಡಿತೋ ಏನೋ, ಆಮೇಲೆ ಯಂತ್ರವನ್ನು ಹತ್ತಕ್ಕೆ ಇಟ್ಟಿದ್ದಾರೆ."

ದಾಮೋದರರ ಕನ್ನಡಕ ಮೂಗಿನ ತುದಿಗೆ ಇಳಿದಿತ್ತು. "ಮೈಲಿಗೆ? ಏನು ಮೈಲಿಗೆ?"

ಸರೋಜಿನಿ ಕಮಲಾಕ್ಷನ ಕಡೆಗೆ ತಿರುಗಿದಳು. "ಈಗ ಹೇಳು. ಮುಚ್ಚಿಟ್ಟು ಚೆಲ್ಲಮ್ಮನನ್ನು ಉಳಿಸಲಿಕ್ಕೆ ಆಗುವುದಿಲ್ಲ."

ಕಮಲಾಕ್ಷ ತಲೆಯೆತ್ತಿದ. "ಚೆಲ್ಲಮ್ಮನ ಮಗಳು ಸೆಲ್ವಿ. ಒಮ್ಮೆ ಕಾಯಲಿಗೆ ಬಿದ್ದು ಸಾಯುವುದರಲ್ಲಿತ್ತು ಆ ಮಗು. ಈಜು ಕಲಿಸು ಅಣ್ಣ ಅಂತ ಚೆಲ್ಲಮ್ಮ ಕೈಮುಗಿದಳು. ಸೋಮವಾರ ಯಾರೂ ಬರುವುದಿಲ್ಲ ಅಂತ ಕಲಿಸಿದೆ. ಹೇಳಿದರೆ ಅವಳ ಕೆಲಸ ಹೋಗ್ತಿತ್ತು ಸಾರ್. ಅವಳಿಗೆ ಬೇರೆ ಎಲ್ಲಿ ಕೊಡ್ತಾರೆ?"

"ಕಕ್ಕಸು ತೊಳೆಯುವವಳ ಮಗಳು ನಮ್ಮ ಕೊಳದಲ್ಲಿ —" ಒಬ್ಬ ಸದಸ್ಯರು ಅರ್ಧ ಎದ್ದರು. ಎಲ್ಲರೂ ತಮ್ಮನ್ನೇ ನೋಡುತ್ತಿರುವುದು ಕಂಡು ಕುಳಿತರು. ನೋಡುತ್ತಿದ್ದವರೂ ಕಣ್ಣು ತಪ್ಪಿಸಿದರು. ಆ ಮಾತು ಅವರ ಬಾಯಲ್ಲೂ ಬಂದು ನಿಂತಿತ್ತು.

"ಕಲಿಸಿದವನೇ ಶುದ್ಧ ಮಾಡ್ತಾನಾ?" ಸರೋಜಿನಿಯ ಸ್ವರ ತಗ್ಗಿತು. "ಹಾಗಾದರೆ ಉಳಿದವರು ಒಬ್ಬರೇ. ಅವರ ಬಲಭುಜ ಏಳ್ತಾ ಇಲ್ಲ. ಉಪ್ಪಿನ ಚೀಲ ಹೊತ್ತರೆ ಆ ವಯಸ್ಸಿನಲ್ಲಿ ಹಾಗೇ ಆಗ್ತದೆ. ಅವರ ಜಗಲಿಯ ತುಳಸಿ ಒಂದು ಬದಿ ಬೋಳಾಗಿದೆ. ಮಕ್ಕಳು ಬರುವುದು ಸಂಜೆ ಅಲ್ವಾ, ಅಷ್ಟರೊಳಗೆ ಬಿಸಿಲು ಕ್ಲೋರಿನ್ ತಿಂದು ಮುಗಿಸ್ತದೆ ಅಂತ ಅವರು ಲೆಕ್ಕ ಹಾಕಿದರು. ಬೇಸಿಗೆಯ ಲೆಕ್ಕ ಅದು. ಮಂಗಳವಾರ ಬಿಸಿಲೂ ಬರಲಿಲ್ಲ, ಶಾಲೆಯೂ ಇರಲಿಲ್ಲ. ಕೊಳವನ್ನು ನೋಡದೆ, ಸೋಮವಾರ ಕಾಫಿಗೆ ಬಂದವರೊಬ್ಬರು ಹೇಳಿದ್ದನ್ನು ಕೇಳಿ ಹೊರಟವರು ಅವರು. ಹೇಳಿದ್ದು ಯಾರು?"

ಅವಳು ತಮ್ಮನ ಕಡೆಗೆ ನೋಡಲಿಲ್ಲ. ನೋಡದೇ ಇದ್ದದ್ದನ್ನೇ ಮೋಹನನಿಗೆ ತಡೆಯಲಾಗಲಿಲ್ಲ.

"ನಾನು," ಎಂದ. "ಬ್ಯಾಂಕಿನಿಂದ ಬರುವಾಗ ಬೇಲಿಯಿಂದ ಕಂಡಿತು. ಚೆಲ್ಲಮ್ಮ ದಂಡೆಯಲ್ಲಿ ನಿಂತು 'ಸೆಲ್ವೀ, ಕಾಲು ಬಡಿ' ಅಂತಿದ್ದಳು. ಮಳೆಯಲ್ಲಿ ಬರೀ ಮಕ್ಕಳ ತಲೆಗಳು ಕಾಣ್ತಿದ್ದವು. ಇವರ ಮನೆಗೆ ಕಾಫಿಗೆ ಹೋದಾಗ ತಮಾಷೆಗೆ ಹೇಳಿದೆ. 'ನಿಮ್ಮ ಕೊಳಕ್ಕೆ ಹೊಸ ಮೆಂಬರುಗಳು ಬಂದಿದ್ದಾರೆ ಸಾರ್' ಅಂತ. ನಗಲಿಕ್ಕೆ ಅಕ್ಕ, ಬರೀ ನಗಲಿಕ್ಕೆ..."

"ಅವರು ನಕ್ಕರಾ?"

"ಇಲ್ಲ."

"ಆಮೇಲೆ ಐದು ದಿನ ನೀನು ಬಾಯಿ ಬಿಡಲಿಲ್ಲ."

ಮೋಹನ ಗೋಡೆಗೆ ಒರಗಿದ. ಕಮಲಾಕ್ಷನ ಭುಜ ಅವನ ಭುಜಕ್ಕೆ ತಾಗುವಷ್ಟು ಹತ್ತಿರವಿತ್ತು. ಅವನು ಆ ಕಡೆಗೆ ತಿರುಗಲಾರದೆ ನಿಂತ.

ಪರಮೇಶ್ವರಯ್ಯ ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರಿದ್ದರು.

"ನಾನು ಆ ಮಗೂಗೆ ಏನೂ ಮಾಡ್ಲಿಲ್ಲಮ್ಮ. ಬೈಲಿಲ್ಲ, ಓಡಿಸ್ಲಿಲ್ಲ. ಯಾರಿಗೂ ಹೇಳ್ಲೂ ಇಲ್ಲ. ನೀರಿಗೆ ಮಾಡ್ದೆ, ಅಷ್ಟೇ. ನಮ್ಮ ಇಂದು ಅದೇ ನೀರನ್ನ ಬಾಯಿಗೆ ತಗೋತಾಳಲ್ಲ ಅನ್ನಿಸ್ತು. ನಮ್ಮಮ್ಮ ಬಾವಿಗೆ ಮಾಡ್ತಿದ್ದದ್ದು ನೆನಪಾಯ್ತು. ಓದಿದ್ದೆಲ್ಲ ಎಲ್ಲಿ ಹೋಯ್ತೋ ಗೊತ್ತಿಲ್ಲ. ತುಳಸಿ ಕೀಳುವಾಗ್ಲೇ ನಾಚಿಕೆ ಆಯ್ತು. ಯಾರಾದ್ರೂ ನೋಡಿಬಿಟ್ರೆ ಅಂತ. ಆದ್ರೂ ಕಿತ್ತೆ."

"ಕಮಲಾಕ್ಷನನ್ನು ಹಿಡಿದಾಗ?"

"ಹೇಳ್ಬೇಕು ಅಂತ ದಿನಾ ಎದ್ದೆ. ಉಪ್ಪು ಯಾಕೆ ಹಾಕಿದ್ರಿ ಅಂತ ಕೇಳ್ತಾರಲ್ಲ. ಅದಕ್ಕೆ ಏನಂತ ಹೇಳ್ಲಿ?" ಅವರು ಗೋಡೆಯ ಕಡೆಗೆ ನೋಡಲು ಹೋಗಿ ಮೇಜನ್ನೇ ನೋಡಿದರು. "ಅವನು ಜೈಲಿಗೆ ಹೋಗೋದಕ್ಕಿಂತ ನನಗೆ ಅದೇ ದೊಡ್ಡದಾಗಿ ಕಾಣಿಸ್ತು."

ಸೂರಿನ ನೀರು ವರಾಂಡದ ಅಂಚಿಗೆ ಬೀಳುತ್ತಿತ್ತು.

"ಞಾನುಂ ಉಂಡಾಯಿರುನ್ನು."

ಬಾಗಿಲಲ್ಲಿ ಇಂದುಮತಿ ನಿಂತಿದ್ದಳು. ತಾಯಿಯ ಕೈ ಬಿಡಿಸಿಕೊಂಡು, ಬಾಗಿಲ ಚೌಕಟ್ಟು ತಡವಿ ಹಿಡಿದುಕೊಂಡು.

"ಏನೇ?" ವಿಜಯಾ ಹಿಂದಿನಿಂದ ಅವಳ ತೋಳು ಹಿಡಿದಳು.

ಹುಡುಗಿ ಈ ಸಲ ತಾತನ ಮಾತಾದ ಕನ್ನಡದಲ್ಲೇ ಹೇಳಿದಳು. ಒಂದೊಂದೇ ಪದ ಹುಡುಕಿ ಹುಡುಕಿ.

"ನಾನೂ ಇದ್ದೆ, ತಾತ. ಸೋಮವಾರ. ಸಂಗೀತ ಕ್ಲಾಸಿಗೆ ಹೋಗಲಿಲ್ಲ. ಸೆಲ್ವಿಗೆ ಕಾಲು ಬಡಿಯೋದು ಕಲಿಸಿದ್ದು ನಾನು. ಎಲ್ಲ ಸೋಮವಾರವೂ. ಅವಳು ನನ್ನ ಫ್ರೆಂಡು." ಕನ್ನಡಕ ಸರಿಪಡಿಸಿಕೊಂಡಳು. "ನೀರಲ್ಲಿ ಮೊದಲು ಇಳಿದಿದ್ದು ನಾನೇ. ನನ್ನನ್ನೂ ತೊಳೆದದ್ದಾ?"

ಮಳೆಯಲ್ಲಿ ಬೇಲಿಯಿಂದ ಕಂಡ ತಲೆಗಳು ಮೋಹನನ ಕಣ್ಣಿಗೆ ಮತ್ತೆ ಬಂದವು. ಯಾವುದು ಯಾರ ತಲೆ ಎಂದು ಅವನಿಗೆ ಅಂದು ಗೊತ್ತಾಗಿರಲೇ ಇಲ್ಲ.

ಪರಮೇಶ್ವರಯ್ಯ ಬಲಗೈ ಎತ್ತಿ ಮುಖ ಮುಚ್ಚಿಕೊಳ್ಳಲು ನೋಡಿದರು. ಭುಜ ಏಳಲಿಲ್ಲ. ಕೈ ಅರ್ಧಕ್ಕೇ ನಿಂತು ಕೆಳಗಿಳಿಯಿತು. ಎಲ್ಲರ ಎದುರು ಅವರ ಮುಖ ಹಾಗೆಯೇ ಉಳಿಯಿತು.

ದಾಮೋದರ ಗಂಟಲು ಸರಿಪಡಿಸಿಕೊಂಡರು. ಕಮಲಾಕ್ಷನ ಮೇಲೆ ಆರೋಪ ಇಲ್ಲ, ಅವನು ಕೆಲಸದಲ್ಲಿ ಮುಂದುವರಿಯಬಹುದು ಎಂದರು. ಚೆಲ್ಲಮ್ಮನ ವಿಷಯ? ಅದನ್ನು... ಮುಂದಿನ ಮೀಟಿಂಗಿನಲ್ಲಿ...

"ಈಗಲೇ ಹೇಳಿ ಸಾರ್," ಎಂದಳು ಸರೋಜಿನಿ.

ದಾಮೋದರ ಸದಸ್ಯರ ಮುಖ ನೋಡಿದರು. ಎಲ್ಲರೂ ಮೇಜಿನ ಮೇಲಿದ್ದ ಬಿಳಿ ಎಲೆಯನ್ನು ನೋಡುತ್ತಿದ್ದರು.

"ಚೆಲ್ಲಮ್ಮನೂ ಇರುತ್ತಾಳೆ," ಎಂದರು. ಅವಳ ಮಗಳ ಬಗ್ಗೆ ಯಾರೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಬಾಗಿಲಲ್ಲಿ ಇಂದುಮತಿ ಮಾತ್ರ ಆ ಮಾತಿಗೆ ಕಾಯುತ್ತ ನಿಂತೇ ಇದ್ದಳು.

ಮೀಟಿಂಗು ಮುಗಿಯಿತು. ಒಬ್ಬೊಬ್ಬರೇ ಕೊಡೆ ಹುಡುಕಿಕೊಂಡು, ಯಾರ ಜೊತೆಗೂ ಮಾತಾಡದೆ ಹೊರಟರು. ಪರಮೇಶ್ವರಯ್ಯ ಕೊನೆಯವರಾಗಿ ಎದ್ದು ಪಂಪಿನ ಕೋಣೆಯ ಬಾಗಿಲವರೆಗೆ ಬಂದು ನಿಂತರು. ಒಳಗೆ ಕಮಲಾಕ್ಷ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ. ಹಳೆ ನೀರು ಹರಿದು ಹೋಗಿ ಕೊಳ ಮತ್ತೆ ತುಂಬುತ್ತಿತ್ತು. ವರ್ಷಗಳಿಂದ ನಡೆದು ಬಂದ ಕ್ರಮ ಇದು. ಹೊಸ ನೀರು ತುಂಬಿದಾಗಲೆಲ್ಲ ಮುಳ್ಳನ್ನು ಎಲ್ಲಿಡಬೇಕೆಂದು ಅವರೇ ಹೇಳಬೇಕು.

ಕಮಲಾಕ್ಷ ತಿರುಗಿ ನೋಡಿದ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಎಂದಿನ ಹಾಗೆಯೇ ಕೇಳಿದ.

"ಎಷ್ಟಕ್ಕೆ ಇಡಲಿ ಸಾರ್?"

ಪರಮೇಶ್ವರಯ್ಯ ಆಕಾಶ ನೋಡಿದರು. ನೀರು ನೋಡಿದರು. ಮೊಮ್ಮಗಳು ಓಣಿಯಲ್ಲಿ ತಾಯಿಯ ಕೈ ಹಿಡಿದು ಹೋಗುತ್ತಿದ್ದಳು. ಅವರಿಗಾಗಿ ನಿಲ್ಲಲಿಲ್ಲ.

ಸ್ವಲ್ಪ ಹೊತ್ತು ಕಾದು, ಕಮಲಾಕ್ಷ ತಾನೇ ಮುಳ್ಳನ್ನು ಎರಡಕ್ಕೆ ಇಟ್ಟ.